ಕೊನೆಯವರ ತಲೆಗೆ ಕಟ್ಟಿದ ಕರೆಂಟು

ವಿದ್ಯುತ್ ವಾಹನ ಚಾರ್ಜಿಂಗ್ ಕೇಂದ್ರದ ಬಳಕೆ ಮತ್ತು ವೆಚ್ಚ ನಿಗಾ ವಿಭಾಗದ ಪ್ರಭಾರಿ ಅಧಿಕಾರಿಗಳಿಗೆ,

ಮಾನ್ಯರೇ, ಮೊದಲು ತಪ್ಪೊಪ್ಪಿಗೆ. ನಾನೊಬ್ಬ ಕಳ್ಳ. ಕಳೆದ ಶುಕ್ರವಾರ ಸಂಜೆ, ನಿಮ್ಮ ಕೇಂದ್ರ ಎರಡು ದಿನದ ರಜೆಗೆಂದು ಗೇಟು ಹಾಕುವ ಹೊತ್ತಿಗೆ, ಅಲ್ಲಿನ ಕಂಬದ ಸಾಕೆಟ್ಟಿಗೆ ನನ್ನ ಶೇವಿಂಗ್ ಯಂತ್ರವನ್ನು ಸಿಕ್ಕಿಸಿ, ಎಡಗೆನ್ನೆಯನ್ನು ಪೂರ್ತಿಯಾಗಿಯೂ ಗದ್ದವನ್ನು ಭಾಗಶಃವೂ ಬೋಳಿಸಿಕೊಂಡೆ. ಯಾರ ಒತ್ತಾಯವೂ ಇಲ್ಲದೆ, ಸ್ವಸ್ಥಚಿತ್ತದಿಂದ ಎಸಗಿದ ಕೃತ್ಯವಿದು. ಆ ಕರೆಂಟು ನಿಮ್ಮ ಲೆಕ್ಕಕ್ಕೆ ಹೋಗಿದೆ. ಇಲಾಖೆಯ ಲೆಕ್ಕಕ್ಕಲ್ಲ, ನಿಮ್ಮ ಸ್ವಂತ ಕಾರ್ಡಿನ ಲೆಕ್ಕಕ್ಕೆ. ಹೇಗೆಂದು ಕೇಳುತ್ತೀರಾ? ಕೇಳುವ ಅಭ್ಯಾಸ ತಮಗಿಲ್ಲವೆಂದು ಬಲ್ಲೆ, ನಾನೇ ಹೇಳುತ್ತೇನೆ.

ನನ್ನ ದೂರು ಇಷ್ಟೇ. ಯಾರು ಯಾರೋ ಉರಿಸಿದ ಕರೆಂಟನ್ನು ನಿಮ್ಮ ಯಂತ್ರ ನನ್ನ ತಂಗಿಯ ತಲೆಗೆ ಕಟ್ಟಿತು. ನೀವು ಅದನ್ನು ನಂಬಿ ಅವಳ ಮುಖವನ್ನು ಪರದೆಗೆ ಕಟ್ಟಿದಿರಿ. ಪ್ರಶ್ನಿಸಿದ್ದಕ್ಕೆ ಅವಳ ಕಾರ್ಡನ್ನೇ ಕಟ್ಟಿಹಾಕಿದಿರಿ. ನಿಮ್ಮ ಹುದ್ದೆಗೆ ಪ್ರಭಾರಿ ಎಂಬ ಹೆಸರು ಎಷ್ಟು ಒಪ್ಪುತ್ತದೆ ನೋಡಿ: ಪ್ರಭೆಯೆಲ್ಲ ನಿಮಗೆ, ಭಾರವೆಲ್ಲ ನಮಗೆ. ನಿಗಾ ಇಟ್ಟಿರುವುದು ನಿಮ್ಮ ಯಂತ್ರ; ನಿಗಿನಿಗಿ ಉರಿಯುತ್ತಿರುವುದು ನನ್ನ ಹೊಟ್ಟೆ.

ನನ್ನ ತಂಗಿ ಆಸ್ಪತ್ರೆಗಳ ಬಟ್ಟೆ ಒಗೆದುಕೊಡುವವಳು. ಹೊದಿಕೆ, ದಿಂಬಿನ ಚೀಲ, ಬಾಣಂತಿಯರ ಗೌನು, ಹಸುಗೂಸುಗಳ ಸುತ್ತುಬಟ್ಟೆ. ಬೆಳಿಗ್ಗೆ ಮೂಟೆ ತರುತ್ತಾಳೆ, ಸಂಜೆ ಒಗೆದು ಮಡಚಿ ಮುಟ್ಟಿಸುತ್ತಾಳೆ. ಈ ಓಡಾಟಕ್ಕೆಂದೇ ಮೂರು ಚಕ್ರದ ಬ್ಯಾಟರಿ ಗಾಡಿ ಕೊಂಡಿದ್ದಾಳೆ. ಅವಳ ಬಾಡಿಗೆ ಮನೆ ಮೂರನೇ ಮಹಡಿಯಲ್ಲಿದೆ. ಅಲ್ಲಿಂದ ಬೀದಿಗೆ ತಂತಿ ಇಳಿಬಿಡಲು ಮನೆಯೊಡೆಯ ಒಪ್ಪುವುದಿಲ್ಲ. ಹಾಗಾಗಿ ನಿಮ್ಮ ಕೇಂದ್ರವೇ ಗತಿ. ಬಟ್ಟೆ ಒಣಗಿ, ಮಡಚಿ, ಮುಟ್ಟಿಸಿ ಬರುವಷ್ಟರಲ್ಲಿ ಕತ್ತಲಾಗುವುದರಿಂದ ದಿನವೂ ಅಲ್ಲಿಗೆ ಕೊನೆಯಲ್ಲಿ ಬರುವ ಗಾಡಿ ಅವಳದೇ. ಈ ‘ಕೊನೆ’ ಎಂಬುದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಎರಡು ತಿಂಗಳ ಹಿಂದೆ ನಿಮ್ಮ ಗೇಟಿನ ಮೇಲೆ ಗೋಡೆಯಗಲದ ಪರದೆಯೊಂದು ಬಂತು. ‘ಇಂಧನ ಜಾಗೃತಿ: ಅತಿ ಬಳಕೆದಾರರನ್ನು ಗುರುತಿಸಿ’ ಎಂಬ ಶೀರ್ಷಿಕೆ, ಕೆಳಗೆ ನನ್ನ ತಂಗಿಯ ಮುಖ. ಕಾರ್ಡು ತೋರಿಸಿದಾಗ ಯಂತ್ರದ ಕ್ಯಾಮೆರಾ ಹಿಡಿದ ಚಿತ್ರ; ದಣಿದು ಬಂದವಳ ಕಣ್ಣು ಅರ್ಧ ಮುಚ್ಚಿತ್ತು. ದಾರಿಹೋಕರೆಲ್ಲ ಗುರುತಿಸಿದರು. ಗುರುತಿಸುವುದೇನು, ಹೆರಿಗೆ ಆಸ್ಪತ್ರೆಯ ಮೇಟ್ರನ್ ಅವಳ ಮುಖಕ್ಕೇ ಹೇಳಿದರು: “ಕರೆಂಟು ಕದಿಯೋಳು ಅಂತ ಬೀದೀಲಿ ಹಾಕಿದ್ದಾರಲ್ಲಮ್ಮಾ. ನಾಳೆ ನಮ್ಮ ಹೊದಿಕೆ ಲೆಕ್ಕ ತಪ್ಪಿದ್ರೆ ನಾನು ಯಾರನ್ನ ಕೇಳ್ಲಿ?”

ಅಂದೇ ಅಣ್ಣ ತಂಗಿ ಇಬ್ಬರೂ ನಿಮ್ಮ ಕೋಣೆಗೆ ಬಂದೆವು. ತಮಗೆ ನೆನಪಿರಲಿಕ್ಕಿಲ್ಲ. ತಾವು ಕತ್ತೆತ್ತಲೂ ಇಲ್ಲ. “ಯಂತ್ರ ಸುಳ್ಳು ಹೇಳಲ್ಲ” ಎಂದಿರಿ. ಆಮೇಲೆ ಮೊಬೈಲು ನೋಡುತ್ತಲೇ, “ಮನೇಲೂ ಹೀಗೇ ಎಲ್ಲಾ ಲೈಟು ಹಾಕ್ಕೊಂಡೇ ಮಲಗ್ತೀಯೇನಮ್ಮಾ?” ಎಂದಿರಿ. ಪಕ್ಕದಲ್ಲಿದ್ದ ಗುಮಾಸ್ತ ಸಂಬಳಕ್ಕೆ ತಕ್ಕಷ್ಟು ನಕ್ಕ. ತಂಗಿ ಗಾಡಿಯ ಕೀಲಿಯ ದಾರವನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಿದ್ದಳು. ಮಾನ್ಯರೇ, ನಾನು ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುವವನು. ಸ್ವಭಾವತಃ ಸಾಧು. ಆದರೆ ಆ ಕೀಲಿ ತಿರುಗುವುದನ್ನು ನೋಡುತ್ತ ನಿಂತಾಗಲೇ ನಿಶ್ಚಯಿಸಿದೆ: ಇವರನ್ನು ಬಿಡಬಾರದು. ಅಂದಿನಿಂದ ಗಡ್ಡವನ್ನು ಮಾತ್ರ ಬಿಟ್ಟೆ.

ಮರುಸಂಜೆ ಅವಳೊಡನೆ ನಿಮ್ಮ ಕೇಂದ್ರಕ್ಕೆ ಹೋದೆ. ಅವಳು ಚಾರ್ಜ್ ಮುಗಿಸಿ ವೈರನ್ನು ಕಳಚಿ ಕೊಕ್ಕೆಗೆ ತೂಗುಹಾಕಿದಳು. ಯಂತ್ರದ ಗಾಜಿನ ಮೇಲೆ ಅವಳ ಹೆಸರಿನ ಮುಂದೆ ಅಂಕಿ ಏರುತ್ತಲೇ ಇತ್ತು.

“ಅಣ್ಣಾ, ಗಾಡಿ ಇಲ್ಲಿದೆ, ವೈರು ಅಲ್ಲಿದೆ. ಇದು ಇನ್ನೂ ಯಾರಿಗೆ ಕುಡಿಸ್ತಾ ಇದೆ?”

“ತಾಳು ಪುಟ್ಟೀ. ನಿಮ್ಮಣ್ಣ ಕಾಲೇಜಲ್ಲಿ ಕಡ್ಲೇಕಾಯಿ ಮಾರ್ತಾ ಇಲ್ಲ.”

ನೋಡುತ್ತ ನಿಂತೆವು. ಕಾಯುವವರ ಕೋಣೆಯ ಏಸಿ ಗುರ್ರೆಂದು ಶುರುವಾಯಿತು, ಅಂಕಿ ಜಿಗಿಯಿತು. ಚಾವಣಿಯ ದೀಪಗಳೆಲ್ಲ ಹೊತ್ತಿಕೊಂಡವು, ಮತ್ತೆ ಜಿಗಿಯಿತು. ಅಷ್ಟರಲ್ಲಿ, ಅಪರೂಪಕ್ಕೆ ಅಂದು ತಡವಾಗಿ ಬಂದ ಟ್ಯಾಕ್ಸಿಯವನೊಬ್ಬ ತನ್ನ ಕಾರ್ಡು ತೋರಿಸಿದ. ತಕ್ಷಣ ತಂಗಿಯ ಲೆಕ್ಕ ನಿಂತು ಅವನದು ಶುರುವಾಯಿತು.

ವಿಷಯ ಇಷ್ಟೇ, ಪ್ರಭುಗಳೇ. ಕಾರ್ಡು ತೋರಿಸಿದರೆ ಲೆಕ್ಕ ತೆರೆಯುತ್ತದೆ. ವೈರು ಕಳಚಿದರೆ ಮುಚ್ಚುವುದಿಲ್ಲ. ಇನ್ನೊಬ್ಬರು ಬಂದು ಕಾರ್ಡು ತೋರಿಸಿದಾಗಲೇ ಮುಚ್ಚುತ್ತದೆ. ಅಲ್ಲಿಯವರೆಗೆ ಇಡೀ ಕೇಂದ್ರ ನುಂಗಿದ್ದೆಲ್ಲ ಕೊನೆಗೆ ಬಂದವರ ಖಾತೆಗೆ. ಹಗಲಲ್ಲಿ ಒಬ್ಬರ ಹಿಂದೆ ಒಬ್ಬರು ಬರುವುದರಿಂದ ಯಾರಿಗೂ ತಿಳಿಯುವುದಿಲ್ಲ. ಸಂಜೆ ಕೊನೆಯವಳಾಗಿ ಬರುವ ನನ್ನ ತಂಗಿಯ ಲೆಕ್ಕ ಮಾತ್ರ ಬೆಳಗಿನವರೆಗೂ ಬಾಯ್ತೆರೆದುಕೊಂಡಿರುತ್ತದೆ. ನಿಮ್ಮ ದೀಪಗಳು, ನಿಮ್ಮ ಏಸಿ, ಕೊನೆಗೆ ನಿಮ್ಮ ಆ ದೊಡ್ಡ ಪರದೆ! ಇದನ್ನು ಇನ್ನೊಮ್ಮೆ ಓದಿಕೊಳ್ಳಿ: ‘ಇವಳು ಕರೆಂಟು ಹಾಳು ಮಾಡುವವಳು’ ಎಂದು ರಾತ್ರಿಯಿಡೀ ಸಾರುವ ಪರದೆಯ ಕರೆಂಟಿಗೆ ದುಡ್ಡು ಕಟ್ಟುತ್ತಿದ್ದವಳು ಅವಳೇ. ಅಪರಾಧಿಯೇ ತನ್ನ ಮೆರವಣಿಗೆಯ ಬಾಡಿಗೆ ಕೊಡುವ ವ್ಯವಸ್ಥೆಯನ್ನು ಯಾವ ದುಷ್ಟ ದೊರೆಯೂ ಯೋಚಿಸಿರಲಿಲ್ಲ. ನಿಮಗೆ ಯೋಚಿಸದೆಯೇ ಸಿದ್ಧಿಸಿದೆ.

ಇದನ್ನೆಲ್ಲ ಬರೆದು ಕೊಟ್ಟೆ. ಅರ್ಜಿಗೆ ಬಂದ ಉತ್ತರದ ಭಾಷೆ ನನ್ನ ವಿದ್ಯಾರ್ಥಿಗಳಿಗೆ ಪಾಠವಾಗಿಡಬೇಕು, ಅಷ್ಟು ಸೊಗಸು: ‘ದೂರು ಇತ್ಯರ್ಥವಾಗುವವರೆಗೆ ದೂರುದಾರರ ಹಿತದೃಷ್ಟಿಯಿಂದ ಸದರಿ ಕಾರ್ಡನ್ನು ತಡೆಹಿಡಿಯಲಾಗಿದೆ.’ ಹಲ್ಲುನೋವೆಂದು ಹೋದವರ ಬಾಯನ್ನೇ ಹೊಲಿದು ಕಳಿಸುವ ವೈದ್ಯ ಎಲ್ಲಿದ್ದಾನೆ? ನಿಮ್ಮ ವಿಭಾಗದಲ್ಲಿದ್ದಾನೆ. ನಾನು ನನ್ನ ಕಾರ್ಡು ಕೊಡೋಣವೆಂದರೆ ಒಂದು ವಾಹನಕ್ಕೆ ಒಂದೇ ಕಾರ್ಡು. ನನ್ನದು ನನ್ನ ಸ್ಕೂಟರಿಗೆ ಮಾತ್ರ. ಈಗ ಅವಳ ಗಾಡಿ ಮನೆಯ ಕೆಳಗೆ ಧೂಳು ತಿನ್ನುತ್ತಿದೆ. ಅವಳು ಬಾಡಿಗೆಯ ತಳ್ಳುಗಾಡಿಯಲ್ಲಿ ಹೊದಿಕೆ ತಳ್ಳುತ್ತಿದ್ದಾಳೆ. ದಿನವೂ ತಡವಾಗುತ್ತಿದೆ. ಮೇಟ್ರನ್ ಕೊನೆಯ ಮಾತು ಹೇಳಿಯಾಗಿದೆ: “ಈ ತಿಂಗಳು ಮುಗೀಲಿ, ಆಮೇಲೆ ಬೇರೆಯವರನ್ನ ನೋಡ್ಕೋತೀವಿ.” ಆ ಆಸ್ಪತ್ರೆ ಕೈಬಿಟ್ಟರೆ ಅವಳ ಅರ್ಧ ದುಡಿಮೆ ಹೋದಂತೆ. ತಾವು ದರ ನಿಗದಿ ಮಾಡುವವರು. ಆದರ ಯಾವ ಅಂಗಡಿಯಲ್ಲಿ ಸಿಗುತ್ತದೆಂದು ತಮಗೆ ತಿಳಿದಿಲ್ಲ. ಹಾಗಾಗಿ ಲೆಕ್ಕ ತೀರಿಸುವ ಕೆಲಸ ನಾನೇ ವಹಿಸಿಕೊಂಡೆ.

ಶುಕ್ರವಾರ ನಿಮ್ಮ ಕಾರು ಚಾರ್ಜಿಗೆ ಬರುತ್ತದೆಂದು ಟ್ಯಾಕ್ಸಿಯವರಿಂದ ತಿಳಿಯಿತು. ಅವರಿಗೂ ನಿಮ್ಮ ಮೇಲೆ ಪ್ರೀತಿ ಉಕ್ಕಿ ಹರಿಯುತ್ತಿಲ್ಲ. ಎಲ್ಲರೂ ಬೇಗ ಬಂದು ಬೇಗ ಹೋಗಲು ಒಪ್ಪಿದರು. “ಮೇಷ್ಟ್ರೇ, ಸಾಹೇಬ್ರನ್ನ ಕೊನೆಗೆ ಕೂರಿಸೋ ಜವಾಬ್ದಾರಿ ನಮ್ದು, ನೀವು ನಿಶ್ಚಿಂತೆಯಿಂದಿರಿ” ಎಂದರು. ಹಾಗೇ ಆಯಿತು. ನೀವೇ ಕಾರ್ಡು ತೋರಿಸಿದಿರಿ; ನಿಮ್ಮ ಡ್ರೈವರ್ ಕಾರಿಗೆ ಹೊಟ್ಟೆತುಂಬ ಕುಡಿಸಿ, ವೈರು ಕಳಚಿ, ನಿಮ್ಮೊಡನೆ ಹೊರಟುಹೋದ. ಲೆಕ್ಕ ತೆರೆದೇ ಇತ್ತು. ಮುಂದೆ ಎರಡು ದಿನ ರಜೆ. ಗೇಟಿಗೆ ಬೀಗ. ದೀಪ, ಏಸಿ, ಪರದೆ ಎಲ್ಲವೂ ಸೋಮವಾರದವರೆಗೆ ತಮ್ಮ ಲೆಕ್ಕದಲ್ಲಿ! ಗಡ್ಡ ಬೋಳಿಸುವ ಮುಹೂರ್ತ ಇದಕ್ಕಿಂತ ಬೇರೆ ಯಾವುದು? ಅರ್ಧ ಮುಖವಾಗುವಷ್ಟರಲ್ಲಿ ಕಾವಲುಗಾರ “ಸಾರ್, ಇದೇನು ಸಲೂನಾ? ಗೇಟು ಹಾಕ್ಬೇಕು, ಎದ್ದೇಳಿ” ಎಂದು ಎಬ್ಬಿಸಿದ. ಹೊರಡುವ ಮೊದಲು ಯಂತ್ರದ ಮುಂದೆ ನಿಂತು ನಿಮ್ಮ ಲೆಕ್ಕವನ್ನು ಕಣ್ತುಂಬಾ ನೋಡಿಕೊಂಡೆ. ನಿಮ್ಮ ಯಂತ್ರವನ್ನು ನಿಮಗಿಂತ ಚೆನ್ನಾಗಿ ಬಲ್ಲವನು ಈ ಊರಿನಲ್ಲಿ ಒಬ್ಬನಿದ್ದಾನೆ. ಸೋಮವಾರ ಪರದೆಯ ಮೇಲೆ ಮೂಡುವ ಮುಖ ಯಾರದೆಂದು ಅವನು ಇಂದೇ ಹೇಳಬಲ್ಲ. ಕನ್ನಡಿ ಒರೆಸಿಟ್ಟುಕೊಳ್ಳಿ.

ಇಷ್ಟು ಬರೆದದ್ದು ಭಾನುವಾರ. ಸಹಿ ಹಾಕುವುದನ್ನು ಮಾತ್ರ ಉಳಿಸಿಕೊಂಡಿದ್ದೆ. ಸೋಮವಾರ ಬೆಳಿಗ್ಗೆ ನಿಮ್ಮ ಮುಖವನ್ನು ಕಂಡೇ ಸಹಿ ಹಾಕೋಣವೆಂದು ತಂಗಿಯನ್ನೂ ಕರೆದುಕೊಂಡು ಗೇಟಿನ ಬಳಿ ಹೋದೆ.

ಪರದೆಯ ಮೇಲೆ ಮುಖವೇನೋ ಇತ್ತು. ಎಡಗೆನ್ನೆ ನುಣ್ಣಗೆ, ಬಲಗೆನ್ನೆ ಕಾಡು. ತುಟಿಯ ಮೇಲೆ ವಿಜಯದ ನಗೆ. ಕೆಳಗೆ ‘ಶುಕ್ರವಾರದಿಂದ ಭಾನುವಾರದವರೆಗೆ ಎಡೆಬಿಡದೆ ಚಾರ್ಜ್’ ಎಂಬ ಸಾಲು.

ತಂಗಿ ಒಮ್ಮೆ ಪರದೆ ನೋಡಿದಳು, ಒಮ್ಮೆ ನನ್ನನ್ನು. “ಅಣ್ಣಾ… ಶುಕ್ರವಾರ ಏನಾದ್ರೂ ಮುಟ್ಟಿದ್ಯಾ?”

“ಮುಟ್ಲಿಲ್ಲ ಕಣೇ. ಯಂತ್ರದ ಗಾಜು ಮಂಕಾಗಿತ್ತು, ಸಾಹೇಬ್ರ ಲೆಕ್ಕ ಚೆನ್ನಾಗಿ ಕಾಣ್ಲಿ ಅಂತ… ನನ್ನ ಕಾರ್ಡು ಒಂಚೂರು ತೋರಿಸ್ದೆ ಅಷ್ಟೇ.”

ಎರಡು ತಿಂಗಳಲ್ಲಿ ಮೊದಲ ಬಾರಿಗೆ ಅವಳು ನಕ್ಕಳು. ತಳ್ಳುಗಾಡಿಯ ಹಿಡಿಗೆ ಒರಗಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ನಗು ನಿಂತ ಮೇಲೆ, ತರ್ಕಶಾಸ್ತ್ರ ಓದದ ಅವಳೇ ಹೇಳಿದಳು: “ಹೋಗ್ಲಿ ಬಿಡಣ್ಣ. ಗೇಟಿಗೆ ಬೀಗ ಹಾಕಿದ್ದ ಶನಿವಾರ, ಭಾನುವಾರ ನೀನು ಒಳಗೆ ಕೂತು ಚಾರ್ಜ್ ಮಾಡಿದೀಯ ಅಂತ ಅವರೇ ಬರ್ದಿದ್ದಾರಲ್ಲ. ಅದೂ ಒಂದು ಸ್ಕೂಟರಿಗೆ. ಇನ್ನೇನು ಸಾಕ್ಷಿ ಬೇಕು?”

ಆದ್ದರಿಂದ ಮಾನ್ಯರೇ, ಬೇಡಿಕೆ. ನನ್ನ ತಂಗಿಯ ಕಾರ್ಡು ಈ ವಾರವೇ ಬಿಡುಗಡೆಯಾಗಲಿ. ವೈರು ಕಳಚಿದೊಡನೆ ಲೆಕ್ಕ ಮುಚ್ಚುವಂತೆ ಯಂತ್ರಕ್ಕೆ ಬುದ್ಧಿ ಹೇಳಿಸಿ. ದೀಪ, ಏಸಿ, ಪರದೆಗಳಿಗೆ ಬೇರೆಯೇ ಮೀಟರು ಹಾಕಿಸಿ ಕೇಂದ್ರವೇ ಹಣ ಕಟ್ಟಲಿ. ಅವಳಿಂದ ಹೆಚ್ಚುವರಿಯಾಗಿ ಕಿತ್ತದ್ದನ್ನು ಹಿಂದಿರುಗಿಸಿ. ‘ತಪ್ಪು ನಮ್ಮದು’ ಎಂಬ ಮೂರೇ ಮಾತನ್ನು ಅದೇ ಪರದೆಯ ಮೇಲೆ, ಅದೇ ಗಾತ್ರದಲ್ಲಿ, ಹೆರಿಗೆ ಆಸ್ಪತ್ರೆಯ ಕಿಟಕಿಗೆ ಕಾಣುವಂತೆ ಹಾಕಿಸಿ. ಮೂರನೆಯ ಮಾತು ಎಲ್ಲಿ ಎನ್ನಬೇಡಿ. ಅದು ಅವಳ ಹೆಸರು. ತಾವು ಒಮ್ಮೆಯೂ ಕೇಳಲಿಲ್ಲ, ಕೇಳಿ ತಿಳಿದುಕೊಳ್ಳಿ.

ಇನ್ನು ಆರಂಭದ ತಪ್ಪೊಪ್ಪಿಗೆಯನ್ನು ತಲೆತಗ್ಗಿಸಿ ಹಿಂಪಡೆಯುತ್ತೇನೆ. ನಾನು ಕಳ್ಳನಲ್ಲ, ಅಷ್ಟು ಯೋಗ್ಯತೆಯೂ ನನಗಿಲ್ಲ. ನಿಮ್ಮ ಲೆಕ್ಕದಿಂದ ನನಗೆ ದಕ್ಕಿದ್ದು ಎಡಗೆನ್ನೆಯೊಂದೇ. ಅದಕ್ಕೆ ಪ್ರತಿಯಾಗಿ ಎರಡು ದಿನ ನಿಮ್ಮ ಇಡೀ ಕೇಂದ್ರವನ್ನು ಬೆಳಗಿದ್ದೇನೆ. ಹಣದ ಮಾತು ಆಮೇಲೆ ಆಡೋಣ. ಮೊದಲು ಆ ಫೋಟೋ ತೆಗೆಸಿ. ನನ್ನ ವಿದ್ಯಾರ್ಥಿಗಳು ಅದರ ಕೆಳಗೆ ಸಾಲುಗಟ್ಟಿ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಿದ್ದಾರೆ.

ಇಂತಿ,
ಕೊನೆಗೆ ಕಾರ್ಡು ತೋರಿಸಿದ,
ತಮ್ಮ ಅರೆಬೋಳು ತರ್ಕಶಾಸ್ತ್ರಿ