ಮೇಸ್ತ್ರಿ ಖಾಯಂ ಆದದ್ದು

ಸೋಮವಾರಪೇಟೆ,
ಈಶ್ವರ ಸಂವತ್ಸರದ ಕಾರ್ತಿಕ ಮಾಸ, ಭಾನುವಾರ
ತಾ. ೧೪-೧೧-೧೯೩೭

ಪ್ರೀತಿಯ ತಂಗಿ ನೀಲಾವತಿಗೆ ನಿನ್ನ ಅಣ್ಣ ರೇವಣ್ಣ ಮನಸಾರೆ ಹರಸಿ ಬರೆಯುವುದೇನೆಂದರೆ,

ನೀನು ಹೇಗಿದ್ದೀಯ? ನಿನ್ನ ಯಜಮಾನರಾದ ಚೆನ್ನವೀರಯ್ಯನವರ ಕೆಮ್ಮು ಇಳಿಯಿತೆ? ಎಸ್ಟೇಟಿನ ರೈಟರ್ ಅಂದರೆ ಕುರ್ಚಿಯಲ್ಲಿ ಕೂತು ಬರೆಯುವವರು ಅಂತ ಜನ ತಿಳಿದಿದ್ದಾರೆ. ಬೆಳಗಿನ ಮಂಜಿನಲ್ಲಿ ನಿಂತು ಆಳುಗಳ ಹಾಜರಿ ಕೂಗುವ ಗಂಟಲು ಯಾರದು ಅಂತ ಅವರಿಗೇನು ಗೊತ್ತು. ಅವರು ಕೊರಳಿಗೆ ಮಫ್ಲರ್ ಸುತ್ತಿಕೊಳ್ಳಲಿ, ನಾಚಿಕೆ ಬೇಡ. ನಿಮ್ಮ ಅತ್ತೆ ಗಂಗಮ್ಮನವರ ಮೊಣಕಾಲು ಹೇಗಿದೆ? ಬಿಸಿ ಉಪ್ಪಿನ ಶಾಖ ಕೊಡುತ್ತಿದ್ದೀಯಾ? ಕಾಳಿ ಈಗಲೂ ಹಾಲು ಕೊಡುತ್ತಿದ್ದಾಳೆಯೆ? ಕಾಗದದಲ್ಲಿ ಹಸುವಿನ ಕ್ಷೇಮ ಕೇಳುವವನು ನಮ್ಮಣ್ಣ ಒಬ್ಬನೇ ಅಂತ ನಗಬೇಡ. ನಾಲ್ಕು ತಿಂಗಳು ನನ್ನ ಎದೆ ಬಡಿದದ್ದು ಅವಳ ಬೆಣ್ಣೆ ಮಾರಿದ ದುಡ್ಡಿನಿಂದ. ನಿನ್ನ ಮಗಳು ಸರ್ವಮಂಗಳ ಮಡಿಕೇರಿಯ ಬೋರ್ಡಿಂಗಿನಿಂದ ಕಾಗದ ಹಾಕುತ್ತಾಳೆಯೆ? ಆ ಊರಿನ ಚಳಿಗೆ ಮಗುವಿಗೆ ಒಂದು ಕಂಬಳಿ ಸಾಲದು, ಇನ್ನೊಂದು ಕಳಿಸು.

ಇಲ್ಲಿ ನಿನ್ನ ಅತ್ತಿಗೆ ಆರೋಗ್ಯವಾಗಿದ್ದಾಳೆ. ನಾನೂ ಚೆನ್ನಾಗಿದ್ದೇನೆ. ಈ ಸಲ ಆ ಮಾತನ್ನು ನೀನು ನಂಬಬಹುದು. ಮಳೆಗಾಲದಲ್ಲಿ ಬರೆದ ಮೂರು ಕಾಗದಗಳಲ್ಲಿ ಅದೇ ಮಾತು ಬರೆದಿದ್ದೆನಲ್ಲ, ಅವನ್ನು ನಂಬಬೇಡ. ಅದನ್ನು ಹೇಳುವುದಕ್ಕೇ ಇವತ್ತು ಕೂತಿದ್ದೇನೆ. ಒಂದು ಮಾತು ಮೊದಲೇ ನಡೆಸಿಕೊಡು. ಕೊನೆಯ ಸಾಲಿನ ತನಕ ಓದದೆ ಮಡಿಕೇರಿ ಬಸ್ಸು ಹತ್ತಬೇಡ, ಹುಡುಗಿಯನ್ನು ಶಾಲೆ ಬಿಡಿಸಿ ಮನೆಗೆ ತರಬೇಡ.

ವೈಶಾಖದಲ್ಲಿ ನಾನು ಬರೆದ ಕಾಗದ ನಿನ್ನ ಹತ್ತಿರ ಇರಬೇಕು. "ತಂಗೀ, ನಾನು ಖಾಯಂ ಆದೆ, ಇನ್ನು ಔಷಧಿಗೆ ದುಡ್ಡು ಕಳಿಸಬೇಡ" ಅಂತ ಅರ್ಧ ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿದ್ದೆ. ಅದು ಹೇಗಾಯಿತು ಅಂತ ಆಗ ಬರೆಯಲಿಲ್ಲ. ಈಗ ಕೇಳು.

ಆ ದಿನ ನಮ್ಮ ಡಾಕ್ಟರ್ ವೆಂಕಟಕೃಷ್ಣಯ್ಯನವರು ನನ್ನ ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ, "ಎಷ್ಟು ವರ್ಷ ಆಯ್ತು ರೇವಣ್ಣ, ಸರ್ಕಾರಿ ರಸ್ತೆ ಕೆಲಸ ಮಾಡಿ?" ಅಂದರು. ಮೂವತ್ತೊಂದು ವರ್ಷ ಸ್ವಾಮಿ, ಆದರೆ ಹಂಗಾಮಿ, ಅಂದೆ. ಅವರು ತಲೆ ಆಡಿಸಿ ಕಂಪೌಂಡರ್ ಸೋಮನ ಕಡೆ ತಿರುಗಿ, "ಇವರದು ಖಾಯಂ, ಬರ್ಕೊ. ಔಷಧಿ ಯಾವತ್ತೂ ನಿಲ್ಲೋ ಹಾಗಿಲ್ಲ" ಅಂದರು. ಸೋಮ ಬರೆದುಕೊಂಡ. ಡಾಕ್ಟರು ಮೇಜಿನ ಮೇಲಿದ್ದ ಒಂದು ಬಾಟ್ಲಿಯನ್ನು ಎತ್ತಿ ನನ್ನ ಕೈಗೇ ಕೊಟ್ಟರು. ದುಡ್ಡು ಕೇಳಲಿಲ್ಲ.

ನೀನೇ ಹೇಳು, ನಾನು ಇನ್ನೇನು ತಿಳಿಯಬೇಕಿತ್ತು? ಮೂವತ್ತೊಂದು ವರ್ಷ ಹಾಜರಿ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಹಂಗಾಮಿ ಅಂತಲೇ ಇತ್ತು. ಖಾಯಂ ಆದವರಿಗೆ ರಜೆ ಉಂಟು, ಪಿಂಚಣಿ ಉಂಟು, ಕಾಯಿಲೆ ಬಿದ್ದರೆ ಔಷಧಿ ಉಂಟು. ನಮಗೆ ಜಲ್ಲಿ ಉಂಟು. ಎದೆ ಕೆಟ್ಟು ಕೆಲಸ ಬಿಟ್ಟ ಮೇಲಾದರೂ ಯಾರೋ ಪುಣ್ಯಾತ್ಮರು ನೆನಪಿಸಿಕೊಂಡು ಡಾಕ್ಟರಿಗೆ ಹೇಳಿ ಕಳಿಸಿದ್ದಾರೆ ಅಂತ ನಾನು ತಿಳಿದೆ. ದಾರಿಯಲ್ಲೇ ಅರ್ಧ ಸೇರು ಬೆಲ್ಲ ತಂದು ಹಂಚಿದೆ. ಪಕ್ಕದ ಮನೆಯ ಬೆಳ್ಯಪ್ಪನವರು, ನಿನಗೆ ಗೊತ್ತಲ್ಲ, ಪಟಾಳಂನಲ್ಲಿದ್ದು ಬಂದವರು, ಬೆಲ್ಲ ಬಾಯಿಗೆ ಹಾಕಿಕೊಂಡು, "ನಾನು ಬಸ್ರಾಕ್ಕೆ ಹೋಗಿ ಕಾಲಿಗೆ ಗುಂಡು ತಿಂದು ಪಿಂಚಣಿ ತಂದೆ. ನೀನು ಮನೆ ಜಗಲೀಲಿ ಏದುಸಿರು ಬಿಟ್ಕೊಂಡೇ ತಂದೆಯಲ್ಲ ಮಾರಾಯ!" ಅಂದರು.

ಆಮೇಲೆ ನೀನು ಕೇಳಿ ಬರೆದೆ. ಅಣ್ಣಾ, ಇದು ಖಚಿತವೇ? ಖಚಿತವಾದರೆ ಮಾತ್ರ ನಿನ್ನ ಔಷಧಿಗೆ ತಿಂಗಳು ತಿಂಗಳು ಕಳಿಸುತ್ತಿದ್ದ ಆ ಮೂರು ರೂಪಾಯಿಯಲ್ಲಿ ಸರ್ವಮಂಗಳನನ್ನು ಮಡಿಕೇರಿ ಶಾಲೆಗೆ ಹಾಕುತ್ತೇನೆ, ಇಲ್ಲವಾದರೆ ಬೇಡ, ನಿನ್ನ ಎದೆ ಮೊದಲು, ಅಂತ. ನಾನು ಖಚಿತ ಅಂತ ಬರೆದೆ. ಹುಡುಗಿ ಶಾಲೆಗೆ ಸೇರಿದಳು. ಅದಾದ ಮೇಲೆ ನಾನು ಖಾಲಿ ಬಾಟ್ಲಿ ಹಿಡಿದು ಠೀವಿಯಿಂದ ಹೋದರೆ ಕಂಪೌಂಡರ್ ಸೋಮ ನನ್ನ ಮುಖ ನೋಡಿ, "ಅಯ್ಯೋ ಮೇಸ್ತ್ರೀ, ಖಾಯಂ ಆದದ್ದು ನೀವಲ್ಲ, ನಿಮ್ಮ ರೋಗ!" ಅಂದ. ಅವನ ತಪ್ಪಲ್ಲ, ನಗು ತಡೆಯುವುದಕ್ಕೆ ಆಗಲಿಲ್ಲ ಪಾಪ. ಡಾಕ್ಟರು ಕೊಟ್ಟ ಬಾಟ್ಲಿ ಅವರ ಸ್ವಂತದ್ದಂತೆ, ನನ್ನ ಮೇಲಿನ ಕರುಣೆಗೆ ಕೊಟ್ಟದ್ದಂತೆ.

ಈ ರೋಗದ ಗುಣವೇ ಹೀಗೆ ನೋಡು. ಜ್ವರ ಬಂದರೆ ಒಂದು ಸಲ ದುಡ್ಡು ಕೇಳಿ ಹೋಗುತ್ತದೆ. ಇದು ತಿಂಗಳು ತಿಂಗಳು ಬಾಗಿಲಲ್ಲಿ ನಿಂತು ಕೇಳುತ್ತದೆ, ಸಾಯುವ ತನಕ. ಡಿಜಿಟಾಲಿಸ್ ಅಂತ ಆ ಔಷಧಿಯ ಹೆಸರು. ಯಾವುದೋ ಹೂವಿನ ಗಿಡದ ಎಲೆಯ ರಸವಂತೆ. ಅದು ಮದರಾಸಿನಿಂದ ಬಂದು ನಮ್ಮ ಪೇಟೆಯ ನಾಗೇಶ್ವರ ರಾಯರ ಔಷಧಿ ಅಂಗಡಿಯಲ್ಲಿ ಸಿಗಬೇಕು. ನಾನು ತಿಂಗಳಿಗೆ ಮೂರು ರೂಪಾಯಿ ಎಲ್ಲಿಂದ ತರಲಿ? ಸಾಲ ಮಾಡಿ ಒಂದು ಬಾಟ್ಲಿ ತಂದೆ. ಹೊತ್ತಿಗೆ ಹತ್ತು ಹನಿ ಹಾಕಿಕೊಳ್ಳುವವನು ಐದಕ್ಕೆ ಇಳಿಸಿದೆ. ಆಮೇಲೆ ಒಂದು ದಿನ ಬಿಟ್ಟು ಒಂದು ದಿನ. ಬಾಟ್ಲಿ ಬಹಳ ದಿನ ಬಂತು. ನಾನು ಬರಲಿಲ್ಲ.

ರಸ್ತೆಯವನಾದ್ದರಿಂದ ನನ್ನ ಉಸಿರನ್ನು ನಾನು ಫರ್ಲಾಂಗಿನಲ್ಲೇ ಅಳೆಯುವುದು. ಜ್ಯೇಷ್ಠದಲ್ಲಿ ಒಂದು ಮೈಲಿ ನಿಲ್ಲದೆ ನಡೆಯುತ್ತಿದ್ದೆ. ಆಷಾಢದಲ್ಲಿ ಮೂರು ಫರ್ಲಾಂಗು. ಶ್ರಾವಣದಲ್ಲಿ ಮನೆಯಿಂದ ಮೊದಲ ಫರ್ಲಾಂಗು ಕಲ್ಲಿನ ತನಕ ಹೋಗಿ ಅದರ ಮೇಲೇ ಕೂರುತ್ತಿದ್ದೆ. ಕಾಲು ಊದಿ ಎಕ್ಕಡ ಹತ್ತದಾಯಿತು. ನಿನ್ನ ಅತ್ತಿಗೆ ತವರಿನಿಂದ ಬಂದ ಕಡಗ ತೆಗೆದಿಟ್ಟು, ಇದನ್ನು ಮಾರು ಅಂದಳು. ಕಡಗ ಮಾರಿದರೆ ಎಷ್ಟು ತಿಂಗಳು ಬರುತ್ತದೆ, ಆಮೇಲಿನ ತಿಂಗಳಿಗೆ ಏನು ಮಾಡುವುದು ಅಂತ ನಾನು ಕೇಳಿದೆ. ಅವಳು ಕಡಗವನ್ನು ಒಳಗೆ ಇಡಲಿಲ್ಲ. ಒಂದು ವಾರ ಅದು ಗೂಡಿನಲ್ಲೇ ಇತ್ತು, ನನ್ನನ್ನೇ ನೋಡುತ್ತಾ.

ಭಾದ್ರಪದದ ಒಂದು ಸೋಮವಾರ, ಸಂತೆಯ ದಿನ, ಅದನ್ನು ಪಂಚೆಯ ಗಂಟಿಗೆ ಕಟ್ಟಿಕೊಂಡೇ ಹೊರಟೆ. ಬೆಳ್ಯಪ್ಪನವರು ಕೈ ಹಿಡಿದು ನಡೆಸಿದರು. ನಾಗೇಶ್ವರ ರಾಯರ ಅಂಗಡಿ ಬೆಂಚಿನ ಮೇಲೆ ಕೂತು ಉಸಿರು ಹಿಡಿಯುತ್ತಿದ್ದೆ. ಆಗ ಮಾದಾಪುರ ಕಡೆಯ ಎಸ್ಟೇಟಿನ ಲಿಂಗಿ ಅನ್ನುವ ಹೆಂಗಸು ಬಂದು ಬಾಟ್ಲಿಯನ್ನು ರಾಯರ ಮುಂದೆ ಕುಕ್ಕಿದಳು. ಅವಳ ಗಂಡ ಗುಂಡನಿಗೂ ನನ್ನದೇ ರೋಗ, ನನ್ನದೇ ಔಷಧಿ. ಎರಡು ದಿನದಿಂದ ಅವನಿಗೆ ವಾಂತಿ, ಕಣ್ಣಿಗೆ ಕಂಡದ್ದೆಲ್ಲ ಹಳದಿಯಂತೆ. ರಾಯರು ವಿಚಾರಿಸಿದರೆ, ಇವಳು ಹೊತ್ತಿಗೆ ಆರು ಹನಿ ಹಾಕುವ ಬದಲು ಒಂಬತ್ತು ಹಾಕಿದ್ದಾಳೆ.

ಆಳುಗಳ ಲೈನುಮನೆಯಲ್ಲಿ ಓದು ಬಲ್ಲವನೊಬ್ಬ ಹಾಗೆ ಹೇಳಿದ್ದಂತೆ. ರಾಯರಿಗೆ ಸಿಟ್ಟು ಬಂತು. "ನಾನೇ ಕನ್ನಡದಲ್ಲಿ ಬರ್ದಿದ್ದೀನಲ್ಲ, ಕಣ್ಣಿಲ್ವಾ ನಿಂಗೆ?" ಅಂದರು. ಲಿಂಗಿ ಹೆದರುವವಳಲ್ಲ. "ಕಣ್ಣೈತೆ ಸ್ವಾಮಿ. ಆರಕ್ಕೂ ಬಾಲ, ಒಂಬತ್ತಕ್ಕೂ ಬಾಲ. ಯಾವ ಬಾಲ ಯಾವ ಕಡೀಕೆ ಅಂತ ನಂಗೇನು ಗೊತ್ತು? ನಿಮ್ಮ ಬಾಲಕ್ಕೆ ನನ್ನ ಗಂಡ ಸಾಯಬೇಕಾ?" ಅಂತ ಕೇಳಿಯೇಬಿಟ್ಟಳು. ರಾಯರ ಮುಖದಲ್ಲಿ ಬೆವರು ಕಂಡಿತು. ಕೂಡಲೇ ಗುಂಡನನ್ನು ಗಾಡಿಯಲ್ಲಿ ಹಾಕಿ ಡಾಕ್ಟರ ಹತ್ತಿರ ಕರೆತರಲು ಹೇಳಿದರು.

ನೀಲಾ, ನನಗೆ ಆಗ ಸರ್ವಮಂಗಳ ಬರೆದ ಪೆನ್ಸಿಲ್ ಕಾಗದ ನೆನಪಾಯಿತು. ನಿಮ್ಮ ಊರು ಬಾಳೆಲೆಯಿಂದ ಮಡಿಕೇರಿಗೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಲ್ಲಿ ಕೂತು ಮೈಲಿಗಲ್ಲು ಒಂದೂ ಬಿಡದೆ ಓದಿದಳಂತೆ. "ಮಾವಾ, ಒಂದು ಕಲ್ಲಿನ ಮೇಲೆ ೬ ಇರಬೇಕಾದ ಜಾಗದಲ್ಲಿ ೯ ಬರೆದಿದ್ದಾರೆ, ಅದನ್ನು ಬರೆದವರು ನಿನ್ನಷ್ಟು ಕಲಿತವರಲ್ಲ" ಅಂತ ಬರೆದಿದ್ದಳು. ನನ್ನಷ್ಟು ಕಲಿತವರಲ್ಲ! ನನ್ನ ಶಾಲೆ ಯಾವುದು ಅಂತ ನಿನಗೆ ಗೊತ್ತು. ಸೋಮವಾರಪೇಟೆಯಿಂದ ಮಾದಾಪುರದ ತನಕ ನಿಂತ ಕಲ್ಲುಗಳು. ವರ್ಷಕ್ಕೊಮ್ಮೆ ಅವುಗಳಿಗೆ ಸುಣ್ಣ ಬಳಿದು, ಮೇಲೆ ಮಸಿ ತಿದ್ದಿ ತಿದ್ದಿ, ಅಕ್ಷರ ಕೈಗೆ ಮೊದಲು ಬಂತು, ಬಾಯಿಗೆ ಆಮೇಲೆ ಬಂತು. ಓದು ಬಾರದ ಗಾಡಿಯವನೂ ಫರ್ಲಾಂಗು ಕಲ್ಲುಗಳನ್ನು ಎಣಿಸಿ ದಾರಿ ಎಷ್ಟಾಯಿತು ಅಂತ ಹೇಳುತ್ತಿದ್ದ.

ರಾಯರ ಹತ್ತಿರ ಒಂದು ಚೀಟಿ, ಮಸಿ, ಕಡ್ಡಿ ಕೇಳಿದೆ. ಚೀಟಿಯ ಮೇಲೆ ಏಳುವ ಸೂರ್ಯ ಒಂದು, ಅದರ ಕೆಳಗೆ ಸಾಲಾಗಿ ಆರು ಬೊಟ್ಟು. ಮುಳುಗುವ ಸೂರ್ಯ ಒಂದು, ಅದರ ಕೆಳಗೆ ಆರು ಬೊಟ್ಟು. ಅಂಕಿಯೂ ಇಲ್ಲ, ಬಾಲವೂ ಇಲ್ಲ. ಲಿಂಗಿಯ ಕೈಗೆ ಕೊಟ್ಟೆ. ಅವಳು ಬೆರಳಿಟ್ಟು ಒಂದೊಂದೇ ಎಣಿಸಿದಳು. "ಬೆಳಿಗ್ಗೆ ಆರು, ಸಂಜೆಗೆ ಆರು. ಇಷ್ಟೇಯಾ? ಇಷ್ಟಕ್ಕೆ ಬಾಲ ಯಾಕೆ ಬೇಕಿತ್ತು?" ಅಂದಳು. ರಾಯರ ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ರಾಯರೂ ನಕ್ಕರು, ಸ್ವಲ್ಪ ತಡವಾಗಿ.

ಅವತ್ತು ರಾಯರು ನನ್ನನ್ನು ಡಾಕ್ಟರ ಹತ್ತಿರ ಅವರೇ ಕರೆದುಕೊಂಡು ಹೋದರು. ಡಾಕ್ಟರು ನನ್ನ ಕಾಲು ಒತ್ತಿ ನೋಡಿ, ಎಷ್ಟು ಹನಿ ಹಾಕ್ಕೊಳ್ತಿದ್ದೀಯ ಅಂತ ಕೇಳಿದರು. ಸುಳ್ಳು ಹೇಳಲಾಗಲಿಲ್ಲ. "ಅರ್ಧ ಔಷಧಿಗೆ ಅರ್ಧ ಎದೆ ಬಡಿಯೋದಿಲ್ಲ ರೇವಣ್ಣ, ಪೂರ್ತಿ ನಿಲ್ತದೆ" ಅಂತ ಬೈದರು. ನಾನು ಕಡಗದ ಗಂಟು ಬಿಚ್ಚಲು ಬಿಡದೆ ರಾಯರು ಅವತ್ತೇ ಒಂದು ಬಾಟ್ಲಿ ಕಡ ಕೊಟ್ಟರು. ಇನ್ನೆರಡು ವಾರ ಬಿಟ್ಟು ಬಂದಿದ್ದರೆ ನೋಡಬೇಕಾಗಿರಲಿಲ್ಲ ಅಂದರಂತೆ. ಅದನ್ನು ನನ್ನ ಎದುರು ಹೇಳಲಿಲ್ಲ, ಬೆಳ್ಯಪ್ಪನವರಿಗೆ ಹೇಳಿದರು. ಅವರ ಬಾಯಲ್ಲಿ ಮಾತು ನಿಲ್ಲುವುದುಂಟೇ? ಗುಂಡನನ್ನೂ ಆ ಸಂಜೆ ಗಾಡಿಯಲ್ಲಿ ಅಲ್ಲಿಗೇ ತಂದರು. ಅವನಿಗೆ ಮೂರು ದಿನ ಔಷಧಿ ನಿಲ್ಲಿಸಿ, ಆಮೇಲೆ ಬೊಟ್ಟು ಎಣಿಸಿ ಶುರು ಮಾಡಿದರು. ಈಗ ಕಾಫಿ ಹಣ್ಣಿನ ಪಿಕಿಂಗಿಗೆ ಹೋಗುವಷ್ಟಲ್ಲದಿದ್ದರೂ, ಲೈನಿನ ಮುಂದೆ ಕೂತು ಬುಟ್ಟಿ ಹೆಣೆಯುತ್ತಾನೆ.

ಮುಂದಿನ ಸಂತೆಗೆ ನಾಲ್ಕು ಜನ ರಾಯರ ಹತ್ತಿರ ಬಂದು "ಮೈಲಿಗಲ್ಲಿನ ಚೀಟಿ" ಬೇಕು ಅಂದರಂತೆ. ಅದರ ಮುಂದಿನ ಸಂತೆಗೆ ಹತ್ತು ಜನ. ರಾಯರು ನನ್ನನ್ನು ಕರೆಸಿ, ಭಾನುವಾರ ಕೂತು ಸಂತೆಯ ಬಾಟ್ಲಿಗಳಿಗೆ ಚೀಟಿ ಬರೆಯಬೇಕು, ಸಂಬಳ ಎಷ್ಟು ಅಂತ ಕೇಳಿದರು. ನಾನು ಅಂದೆ, ಸಂಬಳ ಬೇಡ ರಾಯರೆ, ತಿಂಗಳಿಗೆ ನನ್ನದೊಂದು ಬಾಟ್ಲಿ, ಮತ್ತೆ ನಾನು ಹೇಳಿದ ಒಂದು ಮಾತನ್ನು ನಿಮ್ಮ ಕೈಯಲ್ಲಿ ಬರೆದುಕೊಡಿ. ಅವರು ಬರೆದುಕೊಟ್ಟರು. ಅದನ್ನು ನನ್ನ ಬಾಟ್ಲಿಗೇ ಅಂಟಿಸಿಕೊಂಡಿದ್ದೇನೆ: "ರೇವಣ್ಣ, ಚೀಟಿ ಮೇಸ್ತ್ರಿ. ಖಾಯಂ."

ಕಡಗ ನಿನ್ನ ಅತ್ತಿಗೆಯ ಕೈಗೆ ವಾಪಸು ಹೋಯಿತು. ರೋಗ ಹೋಗಲಿಲ್ಲ, ಹೋಗುವುದೂ ಇಲ್ಲ. ಡಾಕ್ಟರು ಮುಂದೆ ಹನಿ ಏರಿಸಬೇಕಾಗಬಹುದು ಅಂದಿದ್ದಾರೆ, ಆಗ ರಾಯರ ಹತ್ತಿರ ಮಾತಾಡುವ ಧೈರ್ಯ ನನಗಿದೆ. ಮೊನ್ನೆ ಮಾದಾಪುರ ರಸ್ತೆಯಲ್ಲಿ ಎರಡನೆಯ ಮೈಲಿಗಲ್ಲಿನ ತನಕ ಕೂರದೆ ನಡೆದು ಹೋಗಿ ಬಂದೆ. ಕಲ್ಲಿನ ಸುಣ್ಣ ಉದುರಿದೆ. ಹಂಗಾಮಿಗಳು ಯಾರೋ ಬಳಿಯಬೇಕು.

ಆದ್ದರಿಂದ ನೀಲಾ, ಮನಿಯಾರ್ಡರ್ ಕಳಿಸಬೇಡ. ಸರ್ವಮಂಗಳನನ್ನು ಬಿಡಿಸಬೇಡ. ಬಾಲ ಯಾವ ಕಡೆ ಅಂತ ನೋಡಿ ಹೇಳುವವರು ನಮ್ಮ ವಂಶದಲ್ಲಿ ಒಬ್ಬರಾದರೂ ಇರಲಿ. ಗಂಗಮ್ಮನವರ ಮೊಣಕಾಲಿನ ಎಣ್ಣೆ ಬಾಟ್ಲಿಗೆ ಒಂದು ಚೀಟಿ ಇದರೊಳಗೆ ಇಟ್ಟಿದ್ದೇನೆ. ಕಾಲಿನ ಚಿತ್ರ ಹಾಕಿದ್ದೇನೆ, ಬಾಯಿಗೆ ಹಾಕದಿರಲಿ ಅಂತ.

ಇಂತು ನಿನ್ನ ಕ್ಷೇಮವನ್ನು ಸದಾ ಬಯಸುವ
ನಿನ್ನ ಅಣ್ಣ
ರೇವಣ್ಣ

ತಾಜಾ ಕಲಂ: ಕಾಗದ ಮಡಿಸುವ ಮೊದಲು ನಿನ್ನ ಅತ್ತಿಗೆಗೆ ಓದಿ ಹೇಳಿದೆ. ಇದರಲ್ಲೂ ಒಂದು ಸುಳ್ಳು ಉಂಟು, ಅದು ಇರುವ ತನಕ ಅಂಚೆಗೆ ಹಾಕಲು ಬಿಡುವುದಿಲ್ಲ ಅಂತ ಲಕೋಟೆಯ ಮೇಲೆ ಕೈ ಇಟ್ಟು ಕೂತಿದ್ದಾಳೆ. ಸರಿ, ಬರೆಯುತ್ತೇನೆ. "ಖಚಿತವೇ" ಅಂತ ನಿನ್ನ ಕಾಗದ ಬಂದದ್ದು ಒಂದು ಗುರುವಾರ. ಕಂಪೌಂಡರ್ ಸೋಮ ನಕ್ಕದ್ದು ಅದಕ್ಕೆ ನಾಲ್ಕು ದಿನ ಮೊದಲು. ಖಚಿತ ಅಂತ ಉತ್ತರ ಬರೆಯುವಾಗ ನನಗೆ ಎಲ್ಲಾ ಗೊತ್ತಿತ್ತು. ಸಿಟ್ಟು ಮಾಡಿಕೊಂಡಿದ್ದರೆ ಅದನ್ನೂ ಬರೆ, ಓದುತ್ತೇನೆ. ರಜಕ್ಕೆ ಬಂದಾಗ ಸರ್ವಮಂಗಳನ ಕೈಯಲ್ಲೂ ಎರಡು ಸಾಲು ಬರೆಸು. ಆದರೆ ನಿನ್ನ ಉತ್ತರಕ್ಕೆ ರಜ ಕಾಯಬೇಡ, ಈ ವಾರವೇ ಹಾಕು. ಅಂಚೆಯವನ ದಾರಿ ನೋಡುವುದಕ್ಕೆ ಈಗ ನಾನು ಮೊದಲ ಫರ್ಲಾಂಗು ಕಲ್ಲಿನ ತನಕ ದಿನಾ ನಡೆದು ಹೋಗುತ್ತೇನೆ.