ಎರಡು ಹೊತ್ತು ನೋಡಿ ತಂದ ಮಷಿನ್

11 ಸೆಪ್ಟೆಂಬರ್ 2006, ಬಾಳ್ಳುಪೇಟೆ
ಮತ್ತೆ ದಲ್ಲಾಳಿಗೆ ಫೋನ್. ಮತ್ತೆ ಅದೇ ಮಾತು, ಬೇಗ ಬನ್ನಿ ಮೇಡಂ, ಹೋಗ್ಬಿಡುತ್ತೆ. ಕಂಪ್ಯೂಟರ್ ಹೇಳಿದ ಅಳತೆಗೆ ಕಬ್ಬಿಣ ಕಡೆಯೋ ಸೆಕೆಂಡ್‌ಹ್ಯಾಂಡ್ ಸಿಎನ್‌ಸಿ ಲೇತ್‌ಗೆ ಇಷ್ಟೊಂದು ಅವಸರ ಯಾರಿಗಪ್ಪಾ!
ಹಾಸನದ ಫ್ಯಾಕ್ಟರಿ ಕೆಲಸ ಬಿಟ್ಟಾಯ್ತು. ಅಪ್ಪನ ಪಂಕ್ಚರ್ ಅಂಗಡೀಲಿ ಅರ್ಧ ಜಾಗ ನಂದು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರ್‌ನ ಶಾಫ್ಟ್ ಮುರಿದರೆ ಎಸ್ಟೇಟಿನವರು ಈಗ ಬೆಂಗಳೂರಿಗೆ ಓಡ್ತಾರೆ. ಇನ್ನು ನನ್ನ ಹತ್ತಿರ ಬರಬೇಕು. ಆದರೆ ಸಿಎನ್‌ಸಿ ನಡೆಸಿ ಗೊತ್ತು, ಕೊಂಡು ಗೊತ್ತಿಲ್ಲ. ಕೆಟ್ಟದ್ದು ಗಂಟುಬಿದ್ದರೆ ಮತ್ತೆ ಹಾಸನದ ಬಸ್ಸೇ ಗತಿ.

16 ಸೆಪ್ಟೆಂಬರ್
ಪೀಣ್ಯದಲ್ಲಿ ಎರಡು ನೋಡಿದೆ. ಒಂದಕ್ಕೆ ಹೊಸ ಬಣ್ಣ, ಥಳಥಳ. ಇನ್ನೊಂದು ಮೂಲೇಲಿ, ಅದರ ಮೇಲೆ ಯಾರೋ ಟೀ ಲೋಟ ಇಟ್ಟಿದ್ದರು. ಬಣ್ಣದ್ದರಲ್ಲಿ ಒಂದು ಪೀಸ್ ಕತ್ತರಿಸಿ ತೋರಿಸಿದರು. ಅಳತೆ ಪಕ್ಕಾ. ತಕ್ಷಣ ಆಫ್. ಅಡ್ವಾನ್ಸ್ ಕೊಟ್ಟೇಬಿಡ್ತಿದ್ದೆ…

17 ಸೆಪ್ಟೆಂಬರ್
ಅಮ್ಮ ಕೊಟ್ಟಿಗೆ ಗುಡಿಸ್ತಾ ಕೇಳಿದ್ದು ಒಂದೇ. ಸಂಜೆ ಹೊತ್ತು ನೋಡ್ದ್ಯಾ ಅಂತ.
ನಗು ಬಂತು. ನಮ್ಮಮ್ಮ ಭದ್ರಮ್ಮ ಹಸು ಕೊಳ್ಳೋ ರೀತಿ ಊರಿಗೇ ಗೊತ್ತು. ಮಾರೋರ ಮನೇಲೇ ರಾತ್ರಿ ಉಳಿದು, ಸಂಜೆ ಒಂದು ಸಲ, ಬೆಳಿಗ್ಗೆ ಒಂದು ಸಲ ತಾನೇ ಹಾಲು ಕರೆದು, ಆಮೇಲೆ ಮಾತು. ಒಂದು ಹೊತ್ತು ಕರೆಯದೆ ಬಿಟ್ಟು ತುಂಬಿದ ಕೆಚ್ಚಲು ತೋರಿಸೋರು ಇರ್ತಾರಂತೆ.
ಇದು ಹಸು ಅಲ್ಲಮ್ಮ ಅಂದೆ.
"ನಾನೂ ಬತ್ತೀನಿ ಕಣೆ. ಎಲ್ಡೊತ್ತೂ ನೋಡೇ ತರಾನ."

25 ಸೆಪ್ಟೆಂಬರ್
ಎರಡನ್ನೂ ಬೆಳಗಿನಿಂದ ಸಂಜೆವರೆಗೆ ಓಡಿಸಬೇಕು ಅಂದೆ. ದಲ್ಲಾಳಿ ಮುಖ ಹುಳ್ಳಗಾಯ್ತು. ಅಮ್ಮ ಸ್ಟೂಲ್ ಎಳೆದು ಕೂತು, ಅಕ್ಕಿರೊಟ್ಟಿ ಬಿಚ್ಚಿ, ಅವನಿಗೂ ಕೊಟ್ಟಳು. ಪಾಪ, ಇನ್ನೇನು ಹೇಳ್ತಾನೆ.
ಬೆಳಿಗ್ಗೆ ಎರಡೂ ಚಂದ. ಮಧ್ಯಾಹ್ನ ದಾಟಿದ್ದೇ ಬಣ್ಣದ್ದು ಬಿಸಿಯಾಗಿ ಗೊರಗೊರ ಅನ್ನೋಕೆ ಶುರು. ಅದರ ಸಂಜೆಯ ಪೀಸ್ ದಪ್ಪ ಬಂತು, ಬೆಳಗಿನದು ಕೂತ ಬುಷ್, ಅದೇ ಬಳೆಯಂಥ ಕೊಳವೆ, ಅದರೊಳಗೆ ಹೋಗಲೇ ಇಲ್ಲ. ಟೀ ಲೋಟದ್ದರಲ್ಲಿ ಮಾಡಿದ ಎರಡೂ ನಯವಾಗಿ ಕೂತವು. ಅಮ್ಮ ಅದರ ಬೆನ್ನು ತಟ್ಟಿದಳು — ನಿಜವಾಗಿ! ಖುಷಿ ತಡೆಯಲಾಗದೆ ಅಲ್ಲೇ ಅಮ್ಮನ್ನ ತಬ್ಬಿಕೊಂಡೆ. ಎಲ್ಲರೂ ನೋಡ್ತಿದ್ದರು. ನೋಡಲಿ.

28 ಅಕ್ಟೋಬರ್
ಬಂತು. ಟೀ ಲೋಟದ್ದೇ. ಅಪ್ಪ ಟೈರುಗಳನ್ನೆಲ್ಲ ಹೊರಗೆ ಪೇರಿಸಿ ಜಾಗ ಬಿಟ್ಟಿದ್ದರು. ಅಮ್ಮ ಕುಂಕುಮ ಇಟ್ಟಳು, ಸರಿಯಾಗಿ ಸ್ಕ್ರೀನ್ ಮೇಲೆ.

2 ಡಿಸೆಂಬರ್, ಮಧ್ಯಾಹ್ನ
ತ್ರೀಫೇಸ್ ಕರೆಂಟ್ ಇಲ್ಲ, ಪ್ಯಾನೆಲ್ಲಿನ ಮೂರೂ ದೀಪ ಹತ್ತಿದರೇ ಮಷಿನ್ ಓಡೋದು. ಕಾಯ್ತಾ ಬರೀತಿದ್ದೀನಿ. ಮೊದಲ ಗಿರಾಕಿ! ಕುಂದೂರಿನ ದೇವೀರಪ್ಪನವರು, ಜೀಪಲ್ಲಿ ಮುರಿದ ಪಲ್ಪರ್ ಶಾಫ್ಟ್ ಹಾಕ್ಕೊಂಡು ಬಂದರು. ಮಾಡೋರು ಯಾರು ಅಂದರು. ಅಪ್ಪ ನನ್ನ ಕಡೆ ಕೈ ತೋರಿಸಿದರು. ಅವರು ನನ್ನನ್ನ ನೋಡಿದರು, ಮಷಿನ್ ನೋಡಿದರು, ಮತ್ತೆ ನನ್ನನ್ನ. ಹಳೇದಲ್ವಾ, ಅಳತೆ ಸರಿ ಬತ್ತದಾ ಅಂದರು.
ನಾನು ಬಾಯಿ ಬಿಡೋದರೊಳಗೆ ಅಮ್ಮ. "ಎಲ್ಡೊತ್ತೂ ಕರ್ದು ನೋಡೇ ತಂದವ್ಳೆ ಕಣ್ರೀ, ನನ್ ಮಗ್ಳು."
ಅವರಿಗೆ ಏನು ಅರ್ಥ ಆಯ್ತೋ. ಶಾಫ್ಟ್ ತಂದು ನನ್ನ ಕೈಗೇ ಕೊಟ್ಟರು. ತೂಕ ಇದೆ. ಕೆಳಗಿಡೋಕೂ ಮನಸ್ಸಿಲ್ಲ, ತೊಡೆ ಮೇಲೇ ಇಟ್ಕೊಂಡು ಬರೀ—
ಪ್ಯಾನೆಲ್ ದೀಪ. ಕೆಂಪು, ಹಳದಿ… ನೀಲಿನೂ! ಅಮ್ಮಾ, ಕರೆಂಟ್