ನೀವು ಕತ್ತರಿಸಿದ ಕೆಂಪು ರಿಬ್ಬನ್ನಿನ ಬಗ್ಗೆ

ಸಾಂಪ್ರದಾಯಿಕ ವೈದ್ಯ ಸಮನ್ವಯ ಇಲಾಖೆಯ ನಿರ್ದೇಶಕರಿಗೆ,

ಮಾನ್ಯರೇ,

ನನ್ನ ಸೋದರತ್ತೆಗೆ ನೀವು ಕಳಿಸಿದ ನೋಟಿಸು ಕೈಸೇರಿದೆ. ‘ಸರ್ಕಾರಿ ಸ್ವತ್ತನ್ನು ದುರ್ಬಳಕೆ ಮಾಡಿ, ಅನುಮೋದನೆಯಿಲ್ಲದ ವಿಧಾನದಿಂದ ರೋಗಿಯೊಬ್ಬನನ್ನು ಬೇರೆ ವಿಭಾಗಕ್ಕೆ ಸಾಗಿಸಿದ ಕಾರಣ ತಮ್ಮನ್ನು ಸಮನ್ವಯ ಕೇಂದ್ರದಿಂದ ಏಕೆ ತೆಗೆದುಹಾಕಬಾರದು’ ಎಂದು ಅದರಲ್ಲಿ ಕೇಳಿದ್ದೀರಿ. ಹಾಗೆ ಸಾಗಿಸಲ್ಪಟ್ಟ ರೋಗಿ ನಾನೇ. ಸರ್ಕಾರಿ ಸ್ವತ್ತು ಎಂದರೆ ಗೇಣುದ್ದದ ಒಂದು ರಿಬ್ಬನ್ ತುಂಡು. ನಾನು ವೃತ್ತಿಯಿಂದ ಟೈಲರ್. ಬಲಗೈ ಪ್ಲಾಸ್ಟರಿನಲ್ಲಿ ಇರುವುದರಿಂದ ಈ ಪತ್ರವನ್ನು ನಾನು ಹೇಳುತ್ತಿದ್ದೇನೆ, ನನ್ನ ಹೆಂಡತಿ ಬರೆದುಕೊಳ್ಳುತ್ತಿದ್ದಾಳೆ. ಎಲ್ಲಾದರೂ ಮಾತು ಖಾರವಾಯಿತು ಅನಿಸಿದರೆ ಅದು ಅವಳ ಸೇರ್ಪಡೆ ಎಂದು ದಯವಿಟ್ಟು ತಿಳಿಯಬೇಕು.

ಅತ್ತೆ ಉಳುಕು ತೆಗೆಯುವವಳು. ಕಾಲು ಹೊರಳಿದರೆ, ಕತ್ತು ಹಿಡಿದುಕೊಂಡರೆ, ಪ್ಲಾಸ್ಟರ್ ಬಿಚ್ಚಿದ ಮೇಲೂ ಬೆರಳು ಮಡಚಲು ಬಾರದಿದ್ದರೆ ನಮ್ಮ ಕಡೆಯ ಜನ ಅವಳನ್ನು ಹುಡುಕಿಕೊಂಡು ಬರುತ್ತಾರೆ. ಅವಳೇನೂ ಸಾಧ್ವಿಯಲ್ಲ. ಬಾಯಿ ಜೋರು, ಜಂಬ ವಿಪರೀತ. ಅವಳ ಕೈಗುಣವನ್ನು ಅವಳಷ್ಟು ಬಾಯ್ತುಂಬ ಹೊಗಳುವವರು ಇನ್ನೊಬ್ಬರಿಲ್ಲ. ಕೂದಲು ಬೆಳೆಯುತ್ತದೆಂದು ಅವಳು ಅರೆದುಕೊಟ್ಟ ಲೇಪವನ್ನು ಒಂದು ಇಡೀ ಚಳಿಗಾಲ ತಲೆಗೆ ಬಳಿದುಕೊಂಡಿದ್ದೇನೆ. ಅದರ ಫಲಿತಾಂಶ ಬೇಕಾದರೆ ನಾನು ಟೋಪಿ ತೆಗೆದು ತೋರಿಸಬಲ್ಲೆ. ಆದ್ದರಿಂದ ಹಳೆಯದೆಲ್ಲ ಹೊನ್ನು ಎಂದು ವಾದಿಸುವ ಪೈಕಿ ನಾನಲ್ಲ. ಆದರೆ ಅವಳಿಗೆ ಒಂದು ಮಾತು ಹೇಳುವುದಕ್ಕೆ ಬರುತ್ತಿತ್ತು. ‘ಇದು ನನ್ನ ಕೈಲಿ ಆಗೋದಲ್ಲ’ ಎಂಬ ಮಾತು. ನಿಮ್ಮ ಇಲಾಖೆ ಅವಳ ಬಾಯಿಂದ ಕಿತ್ತುಕೊಂಡಿದ್ದು ಇದನ್ನೇ.

ಮೊದಲು ಅವಳು ಕೂರುತ್ತಿದ್ದುದು ಆಸ್ಪತ್ರೆಯ ಗೇಟಿನ ಎದುರು, ನನ್ನ ಅಂಗಡಿಗೆ ಅಂಟಿಕೊಂಡ ಕೋಣೆಯಲ್ಲಿ. ಬಂದವರ ಕೈಯನ್ನೋ ಕಾಲನ್ನೋ ತೊಡೆಯ ಮೇಲಿಟ್ಟುಕೊಂಡು ಬೆರಳಲ್ಲಿ ಸವರಿ ನೋಡುತ್ತಿದ್ದಳು. ಮೂಳೆ ಮುರಿದಿದೆ ಅನ್ನಿಸಿದರೆ ಅಲ್ಲಿಗೆ ಮುಗಿಯಿತು, ಎಣ್ಣೆ ಬಾಟಲಿ ಮುಟ್ಟುತ್ತಿರಲಿಲ್ಲ. ಬಾಗಿಲ ಹಿಂದಿನ ಮೊಳೆಯಿಂದ ಒಂದು ಕೆಂಪು ಬಟ್ಟೆಯ ಪಟ್ಟಿ ಎಳೆದು ಅವರ ತೋಳಿಗೆ ಕಟ್ಟಿ, ‘ಎದುರುಗಡೆ ಹೋಗು. ಡಾಕ್ಟ್ರು ನೋಡೋವರೆಗೂ ಬಿಚ್ಚಬೇಡ’ ಎಂದು ಎಬ್ಬಿಸುತ್ತಿದ್ದಳು. ಬ್ಯಾಂಡಿನವರಿಗೆ ನಾನು ಹೊಲಿಯುವ ಕೋಟಿನ ಚೂರುಬಟ್ಟೆ ಅದು. ಆಸ್ಪತ್ರೆಯ ಮೂಳೆ ಡಾಕ್ಟರು ಸಾಲಿನಲ್ಲಿ ಕೆಂಪು ಪಟ್ಟಿ ಕಂಡರೆ ಅವರನ್ನು ಮೊದಲು ಎಕ್ಸ್‌ರೇಗೆ ಕರೆಯುತ್ತಿದ್ದರು. ಇದನ್ನು ಯಾವ ಸಮಿತಿಯೂ ಜಾರಿಗೆ ತಂದಿರಲಿಲ್ಲ. ಅತ್ತೆ ಕಳಿಸಿದವರೊಬ್ಬರು ಸಾಲು ನೋಡಿ ಬೇಸತ್ತು ಮನೆಗೆ ಹೋಗಿಬಿಟ್ಟಿದ್ದರಿಂದ, ಮುಂದಿನವರಿಗೆ ಗುರುತಿರಲಿ ಎಂದು ಅವಳು ಬಟ್ಟೆ ಕಟ್ಟಿದಳು. ಎರಡು ಮೂರು ಪಟ್ಟಿ ಕಂಡ ಮೇಲೆ ಡಾಕ್ಟರೇ ರಸ್ತೆ ದಾಟಿ ಬಂದರು.

‘ಈ ಬಟ್ಟೆ ಕಟ್ಟಿ ಕಳಿಸ್ತಿರೋರು ಯಾರಮ್ಮ?’

‘ನಾನೇ. ಯಾಕೆ, ತಪ್ಪಾಯ್ತಾ?’

‘ತಪ್ಪೇನಿಲ್ಲ. ಇನ್ನೂ ಸ್ವಲ್ಪ ಅಗಲವಾಗಿ ಕಟ್ಟಿ, ದೂರದಿಂದ ಕಾಣಲಿ.’

ಅಂದಿನಿಂದ ಪ್ಲಾಸ್ಟರ್ ಬಿಚ್ಚಿ ಕೈ ಮರಗಟ್ಟಿದವರನ್ನು ಡಾಕ್ಟರು ಈ ಕಡೆ ಕಳಿಸತೊಡಗಿದರು. ಇಬ್ಬರೂ ಜಗಳವಾಡದೆ ಇರುತ್ತಿರಲಿಲ್ಲ. ಮಕ್ಕಳಿಗೆ ಬಿಗಿಯಾಗಿ ಪಟ್ಟು ಕಟ್ಟಬೇಡಿ ಎಂದು ಅವರು ಗದರಿದರು, ಇವಳು ಗೊಣಗಿಕೊಂಡೇ ಆ ಅಭ್ಯಾಸ ಬಿಟ್ಟಳು. ನಿಮ್ಮ ಪ್ಲಾಸ್ಟರು ಗೋಡೆ ಕಟ್ಟಿದ ಹಾಗಿದೆ, ಬೆರಳಿಗೆ ಆಡೋಕೆ ಜಾಗ ಬಿಡಿ ಎಂದು ಇವಳು ಹೇಳಿದಳು, ಅವರು ನಕ್ಕು ಬಿಟ್ಟರು, ಜಾಗವನ್ನೂ ಬಿಟ್ಟರು.

ಹೀಗಿರುವಾಗ ಜಗತ್ತಿಗೆ ಎಚ್ಚರವಾಯಿತು. ವಿಶ್ವದ ಆರೋಗ್ಯ ನೀತಿಯಲ್ಲಿ ಸಾಂಪ್ರದಾಯಿಕ ವೈದ್ಯಕ್ಕೂ ಕುರ್ಚಿ ಹಾಕಬೇಕೆಂದು ದೊಡ್ಡ ದೊಡ್ಡವರು ಸೇರಿ ನಿರ್ಣಯ ಮಾಡಿದರಂತೆ. ತಾವೂ ಆ ಸಮ್ಮೇಳನಕ್ಕೆ ಹೋಗಿ ಕೊರಳಲ್ಲಿ ಗುರುತಿನ ಚೀಟಿ ಹಾಕಿಕೊಂಡು ಬಂದಿರಿ. ನಿರ್ಣಯದ ಬಗ್ಗೆ ನನ್ನ ತಕರಾರಿಲ್ಲ. ಸುದ್ದಿ ಕೇಳಿ ಅತ್ತೆ ಎಷ್ಟು ಉಬ್ಬಿದಳೆಂದರೆ, ಜಗತ್ತು ಸ್ವಲ್ಪ ತಡ ಮಾಡಿತು ಎಂಬುದಷ್ಟೇ ಅವಳ ದೂರಾಗಿತ್ತು. ಆಮೇಲೆ ನಿಮ್ಮ ತಜ್ಞರ ತಂಡ ಬಂತು. ಎಣ್ಣೆ ಬಾಟಲಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕೊಂಡೊಯ್ದಿತು. ಬಹಳ ದಿನ ಪರೀಕ್ಷೆ ನಡೆಸಿ ಅದು ಎಣ್ಣೆ ಎಂದು ವರದಿ ಕೊಟ್ಟಿತು. ಎಣ್ಣೆ ಮಾರಿದ ಅಂಗಡಿಯವನನ್ನು ಕೇಳಿದ್ದರೆ ಅವನೇ ಹೇಳುತ್ತಿದ್ದ. ಪುರಾತನ ಹಸ್ತಪ್ರತಿ ಇದೆಯೇ ಎಂದು ವಿಚಾರಿಸಿದರು. ‘ಇತ್ತು, ಇಲಿ ತಿಂದುಬಿಡ್ತು’ ಎಂದಳು ಅತ್ತೆ. ನಮ್ಮ ವಂಶದಲ್ಲಿ ಅಂಗಿಯ ಅಳತೆಯ ಹೊರತು ಯಾರೂ ಏನನ್ನೂ ಬರೆದಿಟ್ಟವರಲ್ಲ, ಇಲಿಯ ಮೇಲೆ ಸುಳ್ಳು ಅಪವಾದ. ಬಾಗಿಲ ಹಿಂದೆ ನೇತಾಡುತ್ತಿದ್ದ ಕೆಂಪು ಪಟ್ಟಿಗಳೇನು ಎಂದು ತಂಡದಲ್ಲಿ ಒಬ್ಬರು ಮಾತ್ರ ಕೇಳಿದರು. ಅತ್ತೆ ಎಲ್ಲ ವಿವರಿಸಿದಳು. ಅವರು ತಲೆಯಾಡಿಸಿ ‘ಗೃಹಾಲಂಕಾರ’ ಎಂದು ಬರೆದುಕೊಂಡರು.

ಆಸ್ಪತ್ರೆಯ ಒಳಗೇ ಅತ್ತೆಗೆ ಒಂದು ಕೋಣೆ ಕೊಟ್ಟಿರಿ. ಮೂಳೆ ಡಾಕ್ಟರ ಕೋಣೆಗೂ ಅದಕ್ಕೂ ನಡುವೆ ಒಂದೇ ಗೋಡೆ. ಅವಳ ಬಿಳಿ ಕೋಟನ್ನು ಹೊಲಿದವನು ನಾನೇ, ಜೇಬು ದೊಡ್ಡದಾಗಿರಬೇಕೆಂದು ಹಟ ಹಿಡಿದಿದ್ದಳು. ಉದ್ಘಾಟನೆಗೆ ತಾವು ಬಂದಿರಿ. ಬಾಗಿಲಿಗೆ ಅಡ್ಡ ಕಟ್ಟಿದ್ದ ಕೆಂಪು ರಿಬ್ಬನ್ನನ್ನು ಕತ್ತರಿಸಿದಿರಿ, ಚಪ್ಪಾಳೆ ಬಿತ್ತು. ಆಗ ಅತ್ತೆ ಫೋಟೊದವರ ಕಡೆ ತಿರುಗದೆ ನಿಮ್ಮನ್ನೇ ಎವೆಯಿಕ್ಕದೆ ನೋಡುತ್ತಿದ್ದಳು. ಯಾಕೆಂದು ಕೊನೆಯಲ್ಲಿ ಹೇಳುತ್ತೇನೆ. ಎಲ್ಲರೂ ಕಾಫಿಗೆ ಹೋದ ಮೇಲೆ ನೆಲಕ್ಕೆ ಬಿದ್ದಿದ್ದ ರಿಬ್ಬನ್ನನ್ನು ಸುತ್ತಿ ಆ ದೊಡ್ಡ ಜೇಬಿಗೆ ಹಾಕಿಕೊಂಡಳು. ‘ಒಳ್ಳೇ ರಿಬ್ಬನ್ನು ಕಣೋ, ಯಾರಾದ್ರೂ ಬಿಸಾಕ್ತಾರಾ?’ ಎಂದಳು.

ಮರುದಿನದಿಂದ ನಿಮ್ಮ ನಿಯಮಗಳು ಶುರುವಾದವು. ಬಟ್ಟೆಯ ಪಟ್ಟಿ ಅನುಮೋದಿತ ಗುರುತಲ್ಲ, ಕಟ್ಟಕೂಡದು. ಅತ್ತೆಯ ಕೋಣೆಯಿಂದ ರೋಗಿ ಡಾಕ್ಟರ ಬಳಿಗೆ ಹೋಗಬೇಕಾದರೆ ಗುಮಾಸ್ತರು ಕಂಪ್ಯೂಟರಿನಲ್ಲಿ ಕೋರಿಕೆ ಸಲ್ಲಿಸಬೇಕು, ಅದು ನಿಮ್ಮ ಕೇಂದ್ರ ಕಚೇರಿಗೆ ಹೋಗಬೇಕು, ಅಲ್ಲಿ ಯಾರೋ ಒಪ್ಪಬೇಕು. ಆ ಗೋಡೆ ಎಷ್ಟು ತೆಳುವೆಂದರೆ ಡಾಕ್ಟರು ಸೀನಿದರೆ ಅತ್ತೆ ಈ ಕಡೆಯಿಂದ ಅವರಿಗೆ ಬಿಸಿನೀರು ಕುಡಿಯಲು ಹೇಳುತ್ತಾಳೆ. ಸೀನು ದಾಟುವ ಗೋಡೆಯನ್ನು ಮುರಿದ ಕೈ ದಾಟಬಾರದೇ? ರಸ್ತೆಯ ಆಚೀಚೆ ಇದ್ದಾಗ ಹತ್ತಿರವಿದ್ದವರನ್ನು ಪಕ್ಕಪಕ್ಕದಲ್ಲಿ ಕೂರಿಸಿ ದೂರ ಮಾಡುವುದಕ್ಕೆ ಸಮನ್ವಯ ಎಂಬ ಹೆಸರೇ ಬೇಕಿತ್ತೇ? ಎಲ್ಲಕ್ಕಿಂತ ಸೊಗಸಾದ ನಿಯಮ ಇನ್ನೊಂದಿದೆ. ಅತ್ತೆ ಡಾಕ್ಟರ ಬಳಿಗೆ ಕಳಿಸಿದ ಪ್ರತಿಯೊಬ್ಬರನ್ನೂ ನಿಮ್ಮ ವರದಿ ‘ಚಿಕಿತ್ಸೆ ವಿಫಲ’ ಎಂದು ಲೆಕ್ಕ ಹಿಡಿಯುತ್ತದೆ. ವಿಫಲರು ಹೆಚ್ಚಾದರೆ ಕೇಂದ್ರ ಮುಚ್ಚುತ್ತದೆ. ಮುಂದಿನ ಸಮ್ಮೇಳನದಲ್ಲಿ ಸಾಂಪ್ರದಾಯಿಕ ವೈದ್ಯದ ಯಶಸ್ಸನ್ನು ತೋರಿಸಬೇಕಲ್ಲವೇ?

ಬೇಕರಿಯ ಯಜಮಾನರ ಕಥೆಯನ್ನು ನಗುತ್ತಾ ಹೇಳಲು ನನಗೆ ಆಗುವುದಿಲ್ಲ. ಹಿಟ್ಟಿನ ಮೂಟೆಯ ಜೊತೆಗೇ ಜಾರಿ ಬಿದ್ದು ಭುಜ ಹಿಡಿದುಕೊಂಡು ಬಂದರು. ಅತ್ತೆಯ ಬೆರಳಿಗೆ ಅನುಮಾನ ಬಂತು. ಆದರೂ ಅವಳು ‘ನನ್ನ ಕೈಲಿ ಆಗೋದಲ್ಲ’ ಎಂಬ ಆ ಮಾತು ಹೇಳಲಿಲ್ಲ. ಎಣ್ಣೆ ಹಚ್ಚಿ, ಪಟ್ಟು ಕಟ್ಟಿ, ನಾಳೆ ಬನ್ನಿ, ನಾಡಿದ್ದು ಬನ್ನಿ ಎಂದು ಇರಿಸಿಕೊಂಡಳು. ಕೊನೆಗೆ ನೋವು ತಾಳಲಾರದೆ ಅವರೇ ಹೊರಗೆ ಹೋಗಿ, ಮುಂದಿನ ಬಾಗಿಲಿಂದ ಸಾಲಿನಲ್ಲಿ ನಿಂತು ಡಾಕ್ಟರನ್ನು ಕಂಡರು. ಮುರಿದ ಮೂಳೆ ಅಡ್ಡಾದಿಡ್ಡಿ ಕೂಡಿಕೊಳ್ಳತೊಡಗಿತ್ತು, ಆಪರೇಷನ್ ಆಯಿತು. ಈಗಲೂ ಒಲೆಯ ಮೇಲಿನ ಅಂತಸ್ತಿಗೆ ಅವರು ಬ್ರೆಡ್ಡಿನ ತಟ್ಟೆ ಎತ್ತಲಾರರು, ಅವರ ಮಗಳು ಎತ್ತಿಡುತ್ತಾಳೆ.

ಆ ಸಂಜೆ ಅತ್ತೆ ನನ್ನ ಅಂಗಡಿಗೆ ಬಂದು ಹೊಲಿಗೆ ಮೆಷಿನ್ನಿನ ಪಕ್ಕ ಕೂತಳು. ‘ಕೈಗೆ ಗೊತ್ತಾಗಿತ್ತು ಕಣೋ’ ಎಂದಳು. ‘ಇಷ್ಟು ದೊಡ್ಡ ಬೋರ್ಡು ಹಾಕಿಸ್ಕೊಂಡು, ಕೋಟು ತೊಟ್ಕೊಂಡು, ಆಗಲ್ಲ ಅಂತ ಹೇಗೆ ಹೇಳೋದು ಅಂತ ಸುಮ್ಮನಾಗ್ಬಿಟ್ಟೆ.’ ತಪ್ಪು ಅವಳದೇ, ಅವಳ ಜಂಬದ್ದೇ. ಹಾಗೆಂದು ಅವಳ ಮುಖಕ್ಕೇ ಹೇಳಿದ್ದೇನೆ. ಆದರೆ ಆ ಜಂಬಕ್ಕೆ ನೀರೆರೆದವರು ಯಾರು ಸ್ವಾಮೀ? ಬೇಕರಿಯವರು ಕಂಪ್ಯೂಟರಿನ ಮೂಲಕ ಹೋಗದೆ ಗೇಟಿನ ಮೂಲಕ ಹೋದದ್ದರಿಂದ, ನಿಮ್ಮ ವರದಿಯಲ್ಲಿ ಅವರು ಇಂದಿಗೂ ‘ಯಶಸ್ವಿ’ಗಳ ಪೈಕಿಯೇ ಇದ್ದಾರೆ. ಇದು ನನಗೆ ನಿಜಕ್ಕೂ ಸಿಟ್ಟು ತರಿಸಿದ ಸಂಗತಿ.

ಇನ್ನು ನನ್ನ ಕೈ. ಮೇಲಿನ ಅಟ್ಟಣೆಯಿಂದ ಬಟ್ಟೆಯ ಥಾನು ಇಳಿಸಲು ಸ್ಟೂಲು ಹತ್ತಿದೆ. ಥಾನೂ ಸ್ಟೂಲೂ ನಾನೂ ಒಟ್ಟಿಗೇ ಇಳಿದೆವು. ಮಣಿಕಟ್ಟು ಬನ್ನಿನ ಹಾಗೆ ಊದಿತು. ಟೈಲರನಿಗೆ ಮಣಿಕಟ್ಟು ಹೋದರೆ ಕತ್ತರಿಯೂ ಹೋಯಿತು, ಆದ್ದರಿಂದ ಅತ್ತೆಯ ಕೋಣೆಗೆ ಓಡಿದೆ. ಅವಳು ಬೆರಳು ಇಟ್ಟಳು, ತೆಗೆದಳು. ಮೂಲೆಯಲ್ಲಿ ಗುಮಾಸ್ತರು ಕಂಪ್ಯೂಟರಿನ ಮುಂದೆ ಕೂತಿದ್ದರು.

‘ಇನ್ನೊಂದು ವಿಫಲ ಆದ್ರೆ ಕೇಂದ್ರ ಮುಚ್ಚಿಸ್ತಾರೆ ಅಮ್ಮಾ, ಸ್ವಲ್ಪ ಯೋಚ್ನೆ ಮಾಡಿ’ ಎಂದರು ಅವರು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದರು.

‘ಯೋಚ್ನೆ ಮಾಡಿದ್ದಕ್ಕೇ ಬೇಕರಿಯವರ ಭುಜ ಹಾಗಾಯ್ತು’ ಎಂದು ಅತ್ತೆ ಜೇಬಿಗೆ ಕೈ ಹಾಕಿ ನಿಮ್ಮ ರಿಬ್ಬನ್ ತೆಗೆದಳು. ಹಲ್ಲಲ್ಲಿ ಕಚ್ಚಿ ಒಂದು ತುಂಡು ಹರಿದು ನನ್ನ ತೋಳಿಗೆ ಕಟ್ಟಿದಳು. ‘ಇದು ನನ್ನ ಕೈಲಿ ಆಗೋದಲ್ಲ. ನಡಿ ಪಕ್ಕದ ರೂಮಿಗೆ.’

ಡಾಕ್ಟರು ತಲೆಯೆತ್ತಿ ನನ್ನ ತೋಳು ನೋಡಿದರು. ‘ಅಂತೂ ಕೆಂಪು ಕಾಣಿಸ್ತಲ್ಲಪ್ಪ’ ಎಂದು ಎದ್ದು ತಾವೇ ಎಕ್ಸ್‌ರೇಗೆ ಕರೆದೊಯ್ದರು. ಮೂಳೆ ಎರಡು ಕಡೆ ಬಿರುಕು ಬಿಟ್ಟಿತ್ತು. ಹೊತ್ತಿಗೆ ಸರಿಯಾಗಿ ಕೂರಿಸಿದ್ದರಿಂದ ಕತ್ತರಿ ಮತ್ತೆ ಹಿಡಿಯುತ್ತೇನಂತೆ. ಅಷ್ಟರಲ್ಲಿ ನಿಮ್ಮ ನೋಟಿಸು ಬಂತು.

ಮಾನ್ಯರೇ, ಜಗತ್ತಿಗೆ ನಮ್ಮ ಹಳೆಯ ವೈದ್ಯದಿಂದ ಏನಾದರೂ ಕೊಂಡೊಯ್ಯಬೇಕೆಂದಿದ್ದರೆ ಎಣ್ಣೆ ಬಾಟಲಿ ಬಿಡಿ, ಬೇರಿನ ಪುಡಿ ಬಿಡಿ. ಅವುಗಳಲ್ಲಿ ಗುಣವಿದ್ದರೆ ಪರೀಕ್ಷೆ ಮಾಡುವವರು ಮಾಡಲಿ, ಇಲ್ಲದಿದ್ದರೆ ಇಲ್ಲವೆಂದು ಹೇಳಲಿ, ನನ್ನ ತಲೆಯನ್ನೂ ಸಾಕ್ಷಿಯಾಗಿ ಒದಗಿಸುತ್ತೇನೆ. ತನಗೆ ಆಗದ್ದನ್ನು ಆಗದು ಎಂದು ಹೇಳಿ, ಆಗುವವರ ಬಳಿಗೆ ಕೂಡಲೇ ಕಳಿಸುವ ಆ ಪಟ್ಟಿಯನ್ನು ಕೊಂಡೊಯ್ಯಿರಿ. ಹೊಸ ವೈದ್ಯದ ಕೋಣೆಗಳಲ್ಲೂ ಅದು ಉಪಯೋಗಕ್ಕೆ ಬರುತ್ತದೆ. ನೋಟಿಸನ್ನು ಹಿಂದಕ್ಕೆ ಪಡೆಯಿರಿ. ಕಳಿಸುವುದನ್ನು ವಿಫಲವೆಂದು ಎಣಿಸುವುದನ್ನು ನಿಲ್ಲಿಸಿ. ಅತ್ತೆಯನ್ನು ತೆಗೆದುಹಾಕಲೇಬೇಕೆಂದರೆ ಅವಳೇನೂ ಕೊರಗುವುದಿಲ್ಲ, ರಸ್ತೆ ದಾಟಿ ಮತ್ತೆ ನನ್ನ ಪಕ್ಕದ ಕೋಣೆಗೆ ಬರುತ್ತಾಳೆ. ಆದರೆ ಆ ಬಿಳಿ ಕೋಟನ್ನು ಮಾತ್ರ ಅವಳು ವಾಪಸು ಕೊಡುವುದಿಲ್ಲವಂತೆ.

ಕೊನೆಯದಾಗಿ, ಉದ್ಘಾಟನೆಯ ದಿನದ ವಿಷಯ. ನೀವು ರಿಬ್ಬನ್ ಕತ್ತರಿಸುವಾಗ ಬಲಗೈ ಎದೆಯ ಮಟ್ಟಕ್ಕಿಂತ ಮೇಲೇಳಲಿಲ್ಲ, ಎಡಗೈಯಿಂದ ಮೊಣಕೈಗೆ ಆಸರೆ ಕೊಟ್ಟಿರಿ. ನಿಮ್ಮ ಕೋಟು ಬಲಭುಜದಲ್ಲಿ ಮುದುಡಿದ್ದು ನನ್ನ ಕಣ್ಣಿಗೂ ಬಿದ್ದಿತ್ತು, ಹೊಲಿಗೆಯ ದೋಷ ಎಂದುಕೊಂಡು ಸುಮ್ಮನಿದ್ದೆ. ‘ಅದು ಹೊಲಿಗೆ ಅಲ್ಲ ಕಣೋ, ಭುಜ. ನನ್ನ ಕೈಲಿ ಆಗೋದಲ್ಲ. ಅವರಿಗೆ ಬೇಗ ಡಾಕ್ಟ್ರನ್ನ ನೋಡೋಕೆ ಹೇಳು’ ಎಂದು ಅತ್ತೆ ಈಗಲೂ ಪೀಡಿಸುತ್ತಿದ್ದಾಳೆ. ನೋಟಿಸು ಓದಿದ ಮೇಲೂ ಪೀಡಿಸುತ್ತಿದ್ದಾಳೆ. ಆದ್ದರಿಂದ ನಿಮ್ಮದೇ ರಿಬ್ಬನ್ನಿನ ಒಂದು ತುಂಡನ್ನು ಅಂಚೆಯಲ್ಲಿ ಕಳಿಸಿದ್ದೇವೆ. ಬಲತೋಳಿಗೆ ಕಟ್ಟಿಕೊಂಡು ಬನ್ನಿ. ಮೂಳೆ ಡಾಕ್ಟರಿಗೆ ಹೇಳಿಟ್ಟಿದ್ದೇನೆ, ನಿಮ್ಮನ್ನು ಸಾಲಿನಲ್ಲಿ ನಿಲ್ಲಿಸುವುದಿಲ್ಲ.

ಇಂತಿ,
ನಿಮ್ಮ ಲೆಕ್ಕದಲ್ಲಿ ವಿಫಲನಾಗಿ ಗುಣವಾಗುತ್ತಿರುವ,
ಆಸ್ಪತ್ರೆ ಎದುರಿನ ಟೈಲರ್
(ಅಕ್ಷರ ಹೆಂಡತಿಯದು, ಸೊಟ್ಟ ರುಜು ನನ್ನ ಎಡಗೈಯದು)